ಕೀಲುಬಾವಿಗೆ ಮನೆಮದ್ದು ಕೂಡಿಸುವ ಬಗೆ: ಒಂದೊಂದಾಗಿ, ಲೆಕ್ಕ ಇಟ್ಟು

ನಮ್ಮ ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮುಂಡರಗಿ ತಾಲ್ಲೂಕಿನ ನಮ್ಮೂರು, ಬೆಳಗಿನ ಏಳು ಗಂಟೆ. ಜೋಳದ ಹಿಟ್ಟು ನಾದಿಟ್ಟು, ಮೊದಲ ಉಂಡೆ ತಟ್ಟೋಕೆ ಕೂತಳು. ಬಲಗೈ ಅಂಗೈ ಬಿಚ್ಚಲೇ ಇಲ್ಲ. ಬೆರಳಿನ ಗಿಣ್ಣುಗಳು ಒಂದೊಂದೂ ಶೇಂಗಾಕಾಯಿ ಹಾಗೆ ಉಬ್ಬಿದ್ದವು. ಹತ್ತು ಗಂಟೆ ಹೊತ್ತಿಗೆ ಕೈ ತಾನಾಗೇ ಸಡಿಲಾಯಿತು. ಮರುದಿನ ಮತ್ತೆ ಅದೇ.

ಸುದ್ದಿ ತಿಳಿದ ಬೀಗರು, ನೆರೆಯವರು ಎಲ್ಲರೂ ಮದ್ದು ತಂದರು. ಅವರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ತಿಂಗಳೊಳಗೆ ಅಡುಗೆಮನೆ ಕಟ್ಟೆ ಮೇಲೆ ಒಂಬತ್ತು ಡಬ್ಬಿ ಕೂತಿದ್ದವು. ಅಮೃತಬಳ್ಳಿ, ಅಶ್ವಗಂಧ, ಅರಿಶಿನ, ಹೆಸರಿಲ್ಲದ ಒಂದು ಕಪ್ಪು ಪುಡಿ. ಅವ್ವ ಎಲ್ಲವನ್ನೂ ತಗೊಂಡಳು, ದವಾಖಾನೆ ಗುಳಿಗೆಯ ಜೊತೆಗೇ. ಎರಡು ತಿಂಗಳಿಗೆ ಊಟ ಸೇರಲಿಲ್ಲ, ವಾಕರಿಕೆ ಶುರುವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ, ಯಕೃತ್ತಿಗೆ ಪೆಟ್ಟು ಬಿದ್ದಾಗ ಹೆಚ್ಚಾಗುವ ಎಸ್‌ಜಿಪಿಟಿ ಏರಿತ್ತು. ಡಾಕ್ಟರ್ ಡಬ್ಬಿಗಳ ಪಟ್ಟಿ ಓದಿ, “ಇದರಾಗ ಯಾವುದು ಮಾಡೈತಿ ಅಂತ ನಾ ಹೆಂಗ ಹೇಳಲಿ ಅವ್ವಾರ?” ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಾವು ಎಲ್ಲ ಬಿಟ್ಟು, ಯಕೃತ್ತು ಸರಿಯಾದ ಮೇಲೆ ಡಾಕ್ಟರಿಗೆ ಹೇಳಿ, ಒಂದೊಂದನ್ನೇ ಮತ್ತೆ ಸೇರಿಸಿದೆವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಇದು ಕಾಯಿಲೆ ವಾಸಿ ಮಾಡುವ ಮದ್ದೂ ಅಲ್ಲ. ವೈದ್ಯರ ಚಿಕಿತ್ಸೆಯ ಪಕ್ಕದಲ್ಲಿ ನೋವು, ಬಿಗಿತ ಸ್ವಲ್ಪ ತಗ್ಗಿಸುವ ದಾರಿ.

ಹಂತ 1: ನೋವು ಯಾವ ಜಾತಿಯದು ಎಂದು ತಿಳಿಯಿರಿ

ನಮ್ಮ ಕಡೆ ಎಲ್ಲ ಕೀಲುನೋವಿಗೂ ವಾಯು ಅಂತ ಒಂದೇ ಹೆಸರು. ಆದರೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದು ಸವೆತದ್ದು. ವಯಸ್ಸಾದಂತೆ ಮೊಣಕಾಲು ಸವೆದು ಬರುವ ನೋವು. ಬೆಳಿಗ್ಗೆ ಬಿಗಿತ ಇದ್ದರೂ ಅರ್ಧ ಗಂಟೆಯೊಳಗೆ ಹೋಗುತ್ತದೆ, ಓಡಾಡಿದಷ್ಟೂ ನೋವು ಜಾಸ್ತಿ. ಇನ್ನೊಂದು ಉರಿಯೂತದ್ದು, ಅಂದರೆ ಉರಿಯೂತದ ಸಂಧಿವಾತ. ಆಯುರ್ವೇದದವರು ಆಮವಾತ ಅನ್ನುವುದು ಇದಕ್ಕೆ ಹತ್ತಿರ. ಇಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಎರಡೂ ಕೈಯ ಸಣ್ಣ ಕೀಲುಗಳು ಒಟ್ಟಿಗೇ ಊದುತ್ತವೆ. ಬೆಳಗಿನ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಅವ್ವನ ಕೈ ಹತ್ತು ಗಂಟೆವರೆಗೆ ಬಿಚ್ಚದೇ ಇದ್ದದ್ದೇ ದೊಡ್ಡ ಸುಳಿವಾಗಿತ್ತು, ನಮಗೆ ಗೊತ್ತಾಗಲಿಲ್ಲ ಅಷ್ಟೇ.

ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಎಂಬ ರಕ್ತ ಪರೀಕ್ಷೆಗಳು ನೋವು ಉರಿಯೂತದ್ದೇ ಎಂದು ತಿಳಿಯೋಕೆ ಇವೆ. ಹುಬ್ಬಳ್ಳಿಯ ಕಿಮ್ಸ್‌ನಂಥ (ಈಗಿನ ಹೆಸರು ಕೆಎಂಸಿಆರ್‌ಐ) ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದರೆ ಯಾವುದು ಬೇಕು ಅಂತ ಅವರೇ ಹೇಳುತ್ತಾರೆ. ತಡ ಮಾಡಬೇಡಿ. ಉರಿಯೂತದ ಸಂಧಿವಾತ ಮೊದಲ ಎರಡು ವರ್ಷದಲ್ಲೇ ಎಲುಬನ್ನು ಜಾಸ್ತಿ ಕೊರೆಯುತ್ತದೆ. ಒಮ್ಮೆ ಕೊರೆದ ಎಲುಬು ಯಾವ ಕಷಾಯಕ್ಕೂ ತುಂಬಿಬರುವುದಿಲ್ಲ.

ಹಂತ 2: ಗುಳಿಗೆ ಬಿಡಬೇಡಿ, ಪಟ್ಟಿ ಮಾಡಿ

ಡಾಕ್ಟರ್ ಮೆಥೋಟ್ರೆಕ್ಸೇಟ್ ಅಥವಾ ಅಂಥದ್ದೇ ಗುಳಿಗೆ ಕೊಟ್ಟಿದ್ದರೆ ಅದು ಎಲುಬನ್ನು ಉಳಿಸುವ ಮದ್ದು. ಮನೆಮದ್ದಿನಿಂದ ನೋವು ಕಡಿಮೆಯಾಯಿತು ಅಂತ ಅದನ್ನು ಬಿಟ್ಟರೆ, ನೋವಿಲ್ಲದೇ ಎಲುಬು ಸವೆಯುತ್ತಾ ಹೋಗಬಹುದು. ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆ.

ಒಂದು ಹಾಳೆ ತಗೊಳ್ಳಿ. ದಿನವೂ ತಗೊಳ್ಳುವ ಎಲ್ಲ ಗುಳಿಗೆ ಬರೆಯಿರಿ. ಬಿಪಿಯದು, ಸಕ್ಕರೆ ಕಾಯಿಲೆಯದು, ರಕ್ತ ತೆಳುವಾಗಿಸುವುದು, ಮೂರ್ಛೆಯದು, ಎಲ್ಲ. ಕೆಳಗೆ ನೀವು ಸೇರಿಸಬೇಕೆಂದಿರುವ ಮೂಲಿಕೆ ಬರೆಯಿರಿ. ಡಾಕ್ಟರ್ ಬೈಯುತ್ತಾರೆ ಅಂತ ಮುಚ್ಚಿಡುವವರು ಬಹಳ ಜನ. ನಾವೂ ಹಾಗೇ ಮಾಡಿದ್ದೆವು. ಹಾಳೆ ತೋರಿಸಿದ ಮೇಲೆ ಯಾರೂ ಬೈಯಲಿಲ್ಲ. ಒಂದೆರಡು ಹೆಸರಿನ ಮೇಲೆ ಗೆರೆ ಎಳೆದರು, ಉಳಿದದ್ದಕ್ಕೆ ಹೂಂ ಅಂದರು. ಆಯುರ್ವೇದ ವೈದ್ಯರ ಸಲಹೆ ಬೇಕಾದರೆ ಹುಬ್ಬಳ್ಳಿಯಲ್ಲಿ ಆಯುರ್ವೇದ ಮಹಾವಿದ್ಯಾಲಯದ ಆಸ್ಪತ್ರೆ ಇದೆ, ಗದಗದಲ್ಲಿ ಡಿಜಿಎಂ ಆಯುರ್ವೇದ ಕಾಲೇಜು ಇದೆ. ಅಲ್ಲಿಗೂ ಇದೇ ಹಾಳೆ ಒಯ್ಯಿರಿ.

ಮೂಲಿಕೆ ಶುರು ಮಾಡುವ ಮೊದಲು ಯಕೃತ್ತು ಮತ್ತು ಮೂತ್ರಪಿಂಡದ ರಕ್ತ ಪರೀಕ್ಷೆ ಒಮ್ಮೆ ಆಗಲಿ. ಎರಡು ತಿಂಗಳ ಮೇಲೆ ಇನ್ನೊಮ್ಮೆ. ಮೆಥೋಟ್ರೆಕ್ಸೇಟ್ ತಗೊಳ್ಳುವವರಿಗೆ ಈ ಪರೀಕ್ಷೆ ಹೇಗೂ ಇರುತ್ತದೆ, ಅದರ ದಿನಾಂಕ ನೋಡಿಕೊಂಡು ಶುರು ಮಾಡಿದರಾಯಿತು.

ಹಂತ 3: ಕೂಡಿಸುವುದು ಯಾಕೆ ಎಂದು ಅರ್ಥ ಮಾಡಿಕೊಳ್ಳಿ

ಅರಿಶಿನದಲ್ಲಿ ಕರ್ಕ್ಯುಮಿನ್ ಅನ್ನುವ ಅಂಶವಿದೆ. ಉರಿಯೂತ ಹೊತ್ತಿಸುವ ಸಂದೇಶಗಳನ್ನು ಅದು ತಗ್ಗಿಸುತ್ತದೆ. ತೊಂದರೆ ಏನೆಂದರೆ, ಬರೀ ಅರಿಶಿನ ನುಂಗಿದರೆ ಅದು ರಕ್ತಕ್ಕೆ ಸೇರುವುದೇ ಕಡಿಮೆ. ಕರುಳು ಮತ್ತು ಯಕೃತ್ತು ಅದನ್ನು ಬೇಗ ಬೇಗ ಹೊರಗೆ ಹಾಕಿಬಿಡುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಅಧ್ಯಯನ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಬರೀ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರಿದ್ದು ಸುಮಾರು 20 ಪಟ್ಟು ಜಾಸ್ತಿ. ನಮ್ಮ ಹಿರಿಯರು ಅರಿಶಿನದ ಹಾಲಿಗೆ ಎರಡು ಮೆಣಸಿನಕಾಳು ಕುಟ್ಟಿ ಹಾಕುತ್ತಿದ್ದದ್ದು ಸುಮ್ನೆ ಅಲ್ಲ ಅಲ್ವಾ?

ಈಗ ಅದೇ ಮಾತನ್ನು ತಿರುಗಿಸಿ ನೋಡಿ. ಮೆಣಸು ಹೀಗೆ ಬಲ ಕೊಡುವುದು ಹೊರಗೆ ಹಾಕುವ ಯಕೃತ್ತಿನ ಕೆಲಸವನ್ನು ನಿಧಾನ ಮಾಡಿ. ಅದನ್ನು ಅರಿಶಿನಕ್ಕೆ ಮಾತ್ರ ಮಾಡುವುದಿಲ್ಲ. ಮೂರ್ಛೆಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಕೂಡಿಸಿದ್ದಕ್ಕೇ ಮದ್ದಿಗೆ ಬಲ ಬಂತು, ಬಲ ಬಂದದ್ದಕ್ಕೇ ಲೆಕ್ಕ ಬೇಕಾಯಿತು. ಸೊಪ್ಪುಸದೆ ತಾನೇ, ಏನೂ ಆಗಲ್ಲ ಅನ್ನುವ ಮಾತು ನಂಬಬೇಡಿ. ಏನೂ ಆಗದೇ ಇದ್ದರೆ ಅದು ಮದ್ದೂ ಆಗಿರುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ನೇರವಾಗಿ ಹೇಳಿಬಿಡುತ್ತೇನೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ. ಅರ್ಧ ಚಮಚ ಪುಡಿ ಅಂದರೆ ಒಂದೂವರೆ ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 45 ಮಿಲಿಗ್ರಾಂ. ಥಾಯ್ಲೆಂಡಿನಲ್ಲಿ ಮೊಣಕಾಲು ಸವೆತದ 367 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 1,500 ಮಿಲಿಗ್ರಾಂ ಅರಿಶಿನದ ಸಾರ ಕೊಟ್ಟಿದ್ದರು. ನಾಲ್ಕು ವಾರದಲ್ಲಿ ಅದು ಐಬುಪ್ರೊಫೆನ್‌ನಷ್ಟೇ ನೋವು ಇಳಿಸಿತು. ಆ ಸಾರದ ಬಲ ನಮ್ಮ ಕಷಾಯದ ಲೋಟಕ್ಕೆ ಇಲ್ಲ. ಹಾಗಂತ ಅಂಗಡಿಯಿಂದ ಮೆಣಸು ಸೇರಿಸಿದ ಜೋರಾದ ಕರ್ಕ್ಯುಮಿನ್ ಮಾತ್ರೆ ತಂದು ನುಂಗಬೇಡಿ. ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳು ಹೆಚ್ಚಾಗಿ ಬಂದಿರುವುದು ಅಂಥ ಮಾತ್ರೆಗಳಿಂದಲೇ. ಅಡುಗೆಮನೆಯ ಅಳತೆ ನಿಧಾನ, ಆದರೆ ಹೆಚ್ಚಿನವರಿಗೆ ತಡೆದುಕೊಳ್ಳುವಂಥದ್ದು.

ಅಲೋಪತಿ, ಆಯುರ್ವೇದ ಎರಡನ್ನೂ ಕೂಡಿಸಿದ ಅಧ್ಯಯನವೂ ಇದೆ. ಕೊಯಮತ್ತೂರಿನಲ್ಲಿ 43 ಉರಿಯೂತದ ಸಂಧಿವಾತ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಯುರ್ವೇದ, ಒಂದಕ್ಕೆ ಮೆಥೋಟ್ರೆಕ್ಸೇಟ್, ಒಂದಕ್ಕೆ ಎರಡೂ ಕೊಟ್ಟು 36 ವಾರ ನೋಡಿದರು. 2011ರಲ್ಲಿ ಪ್ರಕಟವಾಯಿತು. ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಥರ ಗುಣ ಕಂಡಿತು. ಗುಂಪು ಬಹಳ ಚಿಕ್ಕದು, ಇದರ ಮೇಲೆ ದೊಡ್ಡ ತೀರ್ಮಾನ ಕಟ್ಟೋಕೆ ಆಗಲ್ಲ. ಅಲ್ಲಿ ಪ್ರತಿ ರೋಗಿಯನ್ನೂ ವೈದ್ಯರು ಪರೀಕ್ಷಿಸಿ, ಅವರವರಿಗೆ ತಕ್ಕ ಮದ್ದು ಕೊಟ್ಟಿದ್ದರು ಅನ್ನುವುದನ್ನು ಮರೆಯಬಾರದು. ನೆರೆಮನೆಯವರ ಡಬ್ಬಿ ಅದಲ್ಲ.

ಹಂತ 4: ಸಾಮಾನು ಕೊಳ್ಳುವಾಗ

ಬೇಕಾದದ್ದು ಮೂರೇ: ಅರಿಶಿನದ ಕೊಂಬು, ಒಣಶುಂಠಿ, ಕರಿಮೆಣಸು. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಮುತ್ತ ಮಸಾಲೆ ಅಂಗಡಿಗಳಲ್ಲಿ ಮೂರೂ ಸಿಗುತ್ತವೆ. ಶಿರಸಿ ಕಡೆಯ ಮೆಣಸು ಸಿಕ್ಕರೆ ಒಳ್ಳೆಯದು. ಪುಡಿ ಬೇಡ, ಇಡಿಯಾಗಿ ತನ್ನಿ. ಅರಿಶಿನಕ್ಕೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬಳಿಯುವವರು ಇದ್ದಾರೆ. ಸೀಸ ದೇಹದಲ್ಲಿ ಕೂಡುವ ವಿಷ. ಕೊಂಬನ್ನು ಗಾಜಿನ ಲೋಟದ ನೀರಲ್ಲಿ ಹಾಕಿ ನೋಡಿ. ತಕ್ಷಣ ನೀರಿಗೆ ಗಾಢ ಹಳದಿ ಬಿಟ್ಟರೆ ವಾಪಸ್ ಕೊಡಿ. ಒಣಶುಂಠಿ ಸುಣ್ಣ ಬಳಿದಂತೆ ತೀರಾ ಬೆಳ್ಳಗಿದ್ದರೆ ಅದೂ ಬೇಡ. ಮಣ್ಣುಬಣ್ಣದ, ಮುರಿದರೆ ನಾರು ಕಾಣುವ, ಮೂಗಿಗೆ ಖಾರ ಹೊಡೆಯುವ ಶುಂಠಿ ಆರಿಸಿ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಬಗ್ಗೆ ಒಂದು ಮಾತು. ಔಷಧಿ ಸಸ್ಯಗಳ ಗುಡ್ಡ ಅಂತ ಅಲ್ಲಿಗೆ ಹೋಗಿ ಬೇರು ಕಿತ್ತು ತರುವವರು ಈಗಲೂ ಇದ್ದಾರೆ. 2019ರಿಂದ ಅದು ವನ್ಯಜೀವಿಧಾಮ. ಗಿಡ ಕೀಳುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಬೇರು ಕಿತ್ತ ಗಿಡ ಮತ್ತೆ ಬರುವುದಿಲ್ಲ. ನಮ್ಮ ಈ ಪಟ್ಟಿಗೆ ಗುಡ್ಡದಿಂದ ಏನೂ ಬೇಕಾಗಿಲ್ಲ.

ಹಂತ 5: ಕಷಾಯ

ಇದು ಒಬ್ಬರಿಗೆ ಒಂದು ದಿನದ ಅಳತೆ.

ಅರಿಶಿನ ಪುಡಿ ಅರ್ಧ ಟೀ ಚಮಚ
ಒಣಶುಂಠಿ ಪುಡಿ ಅರ್ಧ ಟೀ ಚಮಚ
ಕರಿಮೆಣಸು 5 ಕಾಳು
ನೀರು 2 ಲೋಟ
ತುಪ್ಪ ಕಾಲು ಚಮಚ, ಬೇಕಾದರೆ ಸ್ವಲ್ಪ ಬೆಲ್ಲ

ಅರಿಶಿನದ ಕೊಂಬನ್ನು ಕುಟ್ಟಾಣಿಯಲ್ಲಿ ಒಡೆದು ಆಮೇಲೆ ಮಿಕ್ಸಿಗೆ ಹಾಕಿ. ಇಡೀ ಕೊಂಬು ಹಾಕಿದರೆ ಬ್ಲೇಡು ಹೋಗುತ್ತದೆ. ಹದಿನೈದು ದಿನಕ್ಕಾಗುವಷ್ಟೇ ಪುಡಿ ಮಾಡಿಕೊಳ್ಳಿ. ಶುಂಠಿಯದೂ ಅಷ್ಟೇ.

ಸ್ಟೀಲ್ ಬೋಗುಣಿಯಲ್ಲಿ ನೀರು ಕುದಿಯಲಿ. ಅರಿಶಿನ, ಶುಂಠಿ ಹಾಕಿ ಉರಿ ಸಣ್ಣದು ಮಾಡಿ. ಮುಚ್ಚಳ ಬೇಡ. ಎರಡು ಲೋಟ ಒಂದು ಲೋಟಕ್ಕೆ ಇಳಿಯಬೇಕು. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಅವ್ವ ಬೋಗುಣಿಯ ಒಳಗೆ ಅರಿಶಿನದ ಗೆರೆ ನೋಡಿ ಅಳತೆ ಹೇಳುತ್ತಾಳೆ. ಶುರುವಿನ ನೀರು ಒಂದು ಗೆರೆ ಬಿಟ್ಟಿರುತ್ತದೆ, ನೀರು ಅದರ ಅರ್ಧಕ್ಕೆ ಬಂದರೆ ಆಯಿತು. ಇಳಿಸುವ ಒಂದು ನಿಮಿಷ ಮೊದಲು ಮೆಣಸು ತರಿತರಿಯಾಗಿ ಜಜ್ಜಿ ಹಾಕಿ. ಇಳಿಸಿ ಸೋಸಿ ತುಪ್ಪ ಸೇರಿಸಿ. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅದಕ್ಕೇ ತುಪ್ಪ. ತೀರಾ ನುಣ್ಣನೆ ಸೋಸಬೇಡಿ, ಪುಡಿ ಸ್ವಲ್ಪ ಉಳಿಯಲಿ, ಅದರಲ್ಲೇ ಸತ್ವ ಇರುವುದು.

ಅರ್ಧ ಲೋಟ ಬೆಳಗಿನ ನಾಷ್ಟಾ ಆದ ಮೇಲೆ, ಅರ್ಧ ಲೋಟ ರಾತ್ರಿ ಊಟ ಆದ ಮೇಲೆ. ಖಾಲಿ ಹೊಟ್ಟೆಗೆ ಬೇಡ, ಎದೆ ಉರಿಯುತ್ತದೆ. ನಾಳೆಗೆ ಅಂತ ಎತ್ತಿಡಬೇಡಿ.

ಆದರೆ ಮೂರನ್ನೂ ಮೊದಲ ದಿನವೇ ಹಾಕಬೇಡಿ. ಮೊದಲ ಎರಡು ವಾರ ಶುಂಠಿ ಮಾತ್ರ. ಆಮೇಲೆ ಎರಡು ವಾರ ಶುಂಠಿಗೆ ಅರಿಶಿನ. ಐದನೇ ವಾರಕ್ಕೆ ಮೆಣಸು. ತುರಿಕೆ, ಎದೆಯುರಿ, ಭೇದಿ ಏನಾದರೂ ಬಂದರೆ ಯಾವುದರಿಂದ ಅಂತ ಆಗ ಗೊತ್ತಾಗುತ್ತದೆ. ಒಂಬತ್ತು ಡಬ್ಬಿಯ ಪಾಠ ನಮಗೆ ಕಲಿಸಿದ್ದು ಇದನ್ನೇ.

ಇದು ಯಾರಿಗೆ ಬೇಡ? ಗರ್ಭಿಣಿಯರಿಗೆ, ಪಿತ್ತಕೋಶದಲ್ಲಿ ಕಲ್ಲು ಇರುವವರಿಗೆ, ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರಿಗೆ, ಹೊಟ್ಟೆಹುಣ್ಣು ಇರುವವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ, ಸಕ್ಕರೆ ತೀರಾ ಇಳಿಯುತ್ತಿದೆಯೇ ನೋಡಿಕೊಳ್ಳಿ.

ಹಂತ 6: ಮೈ ಮೇಲಿನ ಮದ್ದು, ಲಕ್ಕಿ ಸೊಪ್ಪಿನ ಶಾಖ

ನನಗೆ ಕೇಳಿದರೆ ನಮ್ಮ ಕಡೆಯ ಮೂಲಿಕೆಗಳಲ್ಲಿ ಇದಕ್ಕೇ ಮೊದಲ ಮಣೆ. ಹೊಟ್ಟೆಗೆ ಹೋಗುವುದಿಲ್ಲ, ಗುಳಿಗೆಯ ಜೊತೆ ಜಗಳವಿಲ್ಲ. ಲಕ್ಕಿ ಗಿಡ ಹಳ್ಳದ ದಂಡೆ, ಹೊಲದ ಬದು ಎಲ್ಲೆಲ್ಲೂ ಇದೆ. ಕೈ ಬೆರಳಿನ ಹಾಗೆ ಐದು ಎಲೆ, ಹಿಂಬದಿ ಬೂದಿಬಣ್ಣ, ತಿಕ್ಕಿದರೆ ಗಾಢ ವಾಸನೆ. ಬಾಣಂತಿ ಸ್ನಾನದ ನೀರಿಗೆ ಹಾಕುವುದೂ ಇದನ್ನೇ.

ಮೊದಲು ಕೀಲನ್ನು ಮುಟ್ಟಿ ನೋಡಿ. ಕೆಂಪಾಗಿ, ಕೈಗೆ ಬಿಸಿ ತಾಗುವಂತೆ ಊದಿದ್ದರೆ ಶಾಖ ಬೇಡವೇ ಬೇಡ. ಆ ದಿನ ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ನಿಮಿಷ ಇಡಿ. ಶಾಖ ಇರುವುದು ಬಿಗಿತಕ್ಕೆ, ಬಾವು ಇಳಿದ ಮೇಲಿನ ಹಳೇ ನೋವಿಗೆ.

ಎರಡು ಹಿಡಿ ಲಕ್ಕಿ ಸೊಪ್ಪು ತೊಳೆದು, ನೀರು ಆರಿಸಿ, ಸಣ್ಣಗೆ ಹೆಚ್ಚಿ. ಹಂಚಿನ ಮೇಲೆ ಎರಡು ಚಮಚ ಔಡಲೆಣ್ಣೆ ಹಾಕಿ, ಸೊಪ್ಪು ಬಾಡಿ ಬಣ್ಣ ಗಾಢವಾಗುವವರೆಗೆ ಹುರಿಯಿರಿ. ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ. ಕೀಲಿಗೆ ಮೊದಲು ತೆಳ್ಳಗೆ ಔಡಲೆಣ್ಣೆ ಸವರಿ. ಗಂಟನ್ನು ನಿಮ್ಮ ಮೊಣಕೈ ಒಳಬದಿಗೆ ತಾಗಿಸಿ ನೋಡಿ. ಅಲ್ಲಿ ಹಿತವಾದರೆ ಮಾತ್ರ ರೋಗಿಗೆ ಒತ್ತಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗಲ್ಲ, ಅವರ ಕಾಲಿಗೆ ಶಾಖ ಬೇಡ. ಹತ್ತು ನಿಮಿಷ ಒತ್ತಿ, ಆರಿದರೆ ಮತ್ತೆ ಹಂಚಿಗೆ ತಾಗಿಸಿ. ಮುಗಿದ ಮೇಲೆ ಬೆರಳುಗಳನ್ನು ನಿಧಾನಕ್ಕೆ ಹತ್ತು ಸಲ ಮಡಚಿ ಬಿಚ್ಚಿಸಿ. ಈ ಮಡಚುವ ಕೆಲಸವೇ ಅರ್ಧ ಮದ್ದು.

ಎಕ್ಕದ ಎಲೆಗೆ ಎಣ್ಣೆ ಸವರಿ, ಕಾಯಿಸಿ ಕಟ್ಟುವ ರೂಢಿಯೂ ಇದೆ. ಎಕ್ಕದ ಹಾಲು ಕಣ್ಣಿಗೆ ಹೋದರೆ ಕಣ್ಣು ಕೆಡುತ್ತದೆ, ಚರ್ಮದ ಮೇಲೂ ಬೊಬ್ಬೆ ಬರಬಹುದು. ಲಕ್ಕಿ ಇರುವಾಗ ಎಕ್ಕ ಯಾಕೆ ಅನ್ನುವುದು ನನ್ನ ಅಭಿಪ್ರಾಯ.

ಹಂತ 7: ತಟ್ಟೆಯಲ್ಲಿ ಅಗಸಿ

ಅಗಸಿ ಚಟ್ನಿ ನಮ್ಮ ಮನೆಗಳಲ್ಲಿ ಹೇಗೂ ಇರುತ್ತದೆ. ಅಗಸಿಯಲ್ಲಿ ಒಮೆಗಾ 3 ಕೊಬ್ಬು ಧಾರಾಳ. ಮೀನಿನಲ್ಲಿ ಸಿಗುವಂಥದ್ದಲ್ಲ, ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಆ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಆದರೂ ದಿನಕ್ಕೆ ಒಂದು ದೊಡ್ಡ ಚಮಚ ಚಟ್ನಿಪುಡಿ ರೊಟ್ಟಿ ಜೊತೆ ಒಳ್ಳೆಯದೇ. ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿಯೇ ತಿನ್ನಬೇಕು. ಉಪ್ಪು ಹಿಡಿತದಲ್ಲಿರಲಿ.

ನಾವೇ ಸೇರಿಸಬಾರದ್ದು

ಅಮೃತಬಳ್ಳಿ, ಅಶ್ವಗಂಧ ಎರಡೂ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆ ಅಂತಲೇ ಮಾರಾಟವಾಗುವುದು. ಆ ಶಕ್ತಿಯೇ ತಿರುಗಿ ಬಿದ್ದಿರುವ ಕಾಯಿಲೆಗೆ ಅದನ್ನು ಇನ್ನಷ್ಟು ಕೆರಳಿಸುವುದು ಸರಿಯೇ? 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತಗೊಂಡ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಗಿಡವನ್ನೇ ಸರಿಯಾಗಿ ಗುರುತಿಸಿಲ್ಲ ಅಂತ ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನಮ್ಮ ಮನೆಯಲ್ಲಿ ಅದನ್ನು ವೈದ್ಯರು ಹೇಳದೇ ಮುಟ್ಟುವುದಿಲ್ಲ.

ಗುಗ್ಗುಳ, ಮಹಾರಾಸ್ನಾದಿ ಕಷಾಯ ಇವು ಆಮವಾತಕ್ಕೆ ಹೆಸರಾದ ಮದ್ದುಗಳು. ವೈದ್ಯರು ಬರೆದುಕೊಟ್ಟರೆ ತಗೊಳ್ಳಿ, ನೀವೇ ಕುದಿಸಬೇಡಿ. ಆ ಕಷಾಯದ ಮುಖ್ಯ ಮೂಲಿಕೆ ರಾಸ್ನಾ ಅಂದರೆ ಉತ್ತರ ಭಾರತದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ಶುಂಠಿ ಜಾತಿಯ ಬೇರೆಯೇ ಗೆಡ್ಡೆ. ಹೆಸರು ಒಂದೇ, ಗಿಡ ಎರಡು. ಸೀಸೆಯ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ ಇದೆಯೇ ನೋಡಿ. ಪಾದರಸ, ಸೀಸ ಸೇರುವ ಭಸ್ಮಗಳನ್ನಂತೂ ಅಂಗಡಿಯಿಂದ ನೇರವಾಗಿ ತಂದು ತಿನ್ನಬೇಡಿ.

ಇನ್ನು ಹೆಸರಿಲ್ಲದ ಪುಡಿ. ಸಂತೆಯಲ್ಲಿ, ಬಸ್ ನಿಲ್ದಾಣದ ಹತ್ತಿರ ಪೊಟ್ಟಣದಲ್ಲಿ ಕೊಡುತ್ತಾರಲ್ಲ, ಅದು. ತಗೊಂಡ ಎರಡೇ ದಿನದಲ್ಲಿ ನೋವು ಮಾಯವಾಯಿತು, ಹಸಿವು ವಿಪರೀತ, ತಿಂಗಳಲ್ಲಿ ಮುಖ ದುಂಡಗಾಯಿತು ಅಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವ ಅನುಮಾನ ಪಡಿ. ಯಾವ ಬೇರೂ ಎರಡು ದಿನದಲ್ಲಿ ಹಾಗೆ ಕೆಲಸ ಮಾಡಲ್ಲ. ತಿಂಗಳುಗಟ್ಟಲೆ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ಕಣ್ಣು ಹಳದಿಯಾದರೆ, ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ, ಮಲ ಕಪ್ಪಗಾದರೆ, ಒಂದೇ ಕೀಲು ದಿಢೀರ್ ಊದಿ ಜ್ವರ ಬಂದರೆ ಎಲ್ಲ ಕಷಾಯ ನಿಲ್ಲಿಸಿ ಅದೇ ದಿನ ದವಾಖಾನೆಗೆ ಹೋಗಿ. ಕೊನೆಯದು ಕೀಲಿನೊಳಗೆ ಕೀವು ಆಗಿರುವ ಸೂಚನೆ ಇರಬಹುದು, ರಾತ್ರಿ ಕಳೆಯಲಿ ಅಂತ ಕಾಯುವಂಥದ್ದಲ್ಲ.

ಹಂತ 8: ನೋಟ್‌ಬುಕ್

ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಕ್ಕೆ ಮೂರು ಸಾಲು ಸಾಕು. ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಬಿಟ್ಟಿತು, ನೋವು ಹತ್ತಕ್ಕೆ ಎಷ್ಟು, ಹೊಸದಾಗಿ ಏನು ಸೇರಿಸಿದಿರಿ. ಎಂಟು ವಾರ ಬರೆಯದೇ ಮೂಲಿಕೆ ಫಲ ಕೊಟ್ಟಿತೋ ಇಲ್ಲವೋ ಹೇಳೋಕೆ ಬರುವುದಿಲ್ಲ. ಈ ಕಾಯಿಲೆ ತಾನಾಗೇ ಏರಿಳಿಯುತ್ತದೆ, ಇಳಿದ ವಾರ ಕುಡಿದದ್ದೆಲ್ಲ ಅಮೃತ ಅನ್ನಿಸುತ್ತದೆ. ಎಂಟು ವಾರಕ್ಕೂ ಬದಲಾವಣೆ ಕಾಣದಿದ್ದರೆ ಸುಮ್ನೆ ಮುಂದುವರಿಸಬೇಡಿ, ನಿಲ್ಲಿಸಿ.

ನಂಬರ್ ಕೊಡೋಕೆ ಹಿರಿಯರಿಗೆ ಬೇಸರ. “ಹತ್ತಕ್ಕೆಷ್ಟು ಅಂದ್ರ ನನಗೇನ ತಿಳೀಬೇಕು” ಅಂದಳು ಅವ್ವ. ಹಾಗಾಗಿ ಅವರದ್ದೇ ಒಂದು ಅಳತೆ ಹುಡುಕಿ. ಕೊಡ ಎತ್ತೋಕಾಗುತ್ತಾ, ಗುಂಡಿ ಹಾಕೋಕಾಗುತ್ತಾ, ಹೂ ಕಟ್ಟೋಕಾಗುತ್ತಾ. ಅವ್ವನದು ರೊಟ್ಟಿ. ಬೆಳಿಗ್ಗೆ ಕೈ ನೋಯದೇ ಎಷ್ಟು ಬಡಿದಳೋ ಅಷ್ಟು ಬರೆಯುತ್ತೇವೆ. ಶ್ರಾವಣದ ಪುಟದಲ್ಲಿ ಒಂದು, ಒಂದು, ಎರಡು ಅಂತಿದೆ. ದೀಪಾವಳಿ ವಾರ ಐದು. ಮೋಡ ಕವಿದು ಥಂಡಿ ಹಿಡಿದ ವಾರ ಮತ್ತೆ ಮೂರಕ್ಕೆ ಇಳಿದಿದೆ. ಆ ವಾರ ನಾವು ಹೊಸದೇನನ್ನೂ ಸೇರಿಸಲಿಲ್ಲ. ಗುಳಿಗೆ, ಕಷಾಯ, ಲಕ್ಕಿ ಶಾಖ ಮೂರನ್ನೂ ಹಾಗೇ ಮುಂದುವರಿಸಿ, ಉಳಿದ ರೊಟ್ಟಿ ನಾನು ಬಡಿದೆ.